ಬಿಸಿಲಿಗೆ ದಾರಿ ಬದಲಿಸುವ ಬಂಡೆಗಳು

ಇವಾನ್ ಯಾರ್ಕೋವ್‌ಸ್ಕಿ ಖಗೋಳವಿಜ್ಞಾನಿಯಲ್ಲ. ರಷ್ಯಾದ ರೈಲ್ವೆಯಲ್ಲಿ ದುಡಿದ ಎಂಜಿನಿಯರ್. 1900ರ ಆಸುಪಾಸಿನಲ್ಲಿ ಅವರೊಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದರು. ಆಕಾಶಕಾಯಗಳು ಈಥರ್ ಎಂಬ ಅಗೋಚರ ಮಾಧ್ಯಮದಲ್ಲಿ ಸಾಗುತ್ತವೆ ಎಂದು ಆಗ ಹಲವರು ನಂಬಿದ್ದರು. ಹಾಗಿದ್ದರೆ ಅದರ ತಡೆಗೆ ಸಿಕ್ಕಿ ಗ್ರಹಗಳೇಕೆ ಕುಂಠಿತಗೊಳ್ಳುವುದಿಲ್ಲ? ಬಿಸಿಲಿಗೆ ಕಾದ ಮೇಲ್ಮೈ ಹೊರಸೂಸುವ ಶಾಖವೇ ಅವನ್ನು ಮುಂದಕ್ಕೆ ತಳ್ಳುತ್ತದೆ ಎಂದರು ಯಾರ್ಕೋವ್‌ಸ್ಕಿ. ಈಥರ್ ಸುಳ್ಳಾಯಿತು, ತಳ್ಳಾಟ ನಿಜವಾಯಿತು! ಆದರೆ ಹೊತ್ತಗೆ ಮರೆಗೆ ಸರಿದಿತ್ತು. 1909ರ ಸುಮಾರಿಗೆ ಅದನ್ನು ಓದಿದ್ದ ಎಸ್ಟೋನಿಯಾದ ಖಗೋಳವಿಜ್ಞಾನಿ ಅರ್ನ್ಸ್ಟ್ ಓಪಿಕ್ 1951ರಲ್ಲಿ ಬರೀ ನೆನಪಿನಿಂದ ಪ್ರಸ್ತಾಪಿಸದೇ ಹೋಗಿದ್ದರೆ ಎಂಜಿನಿಯರರ ಹೆಸರು ಬಹುಶಃ ಅಲ್ಲಿಗೇ ಅಳಿಸಿಹೋಗುತ್ತಿತ್ತು.

ಭೂಮಿಯ ಮೇಲೆ ದಿನದ ಸೆಕೆ ಏರುವುದು ಸೂರ್ಯ ನೆತ್ತಿಯ ಮೇಲಿರುವಾಗಲ್ಲ, ಒಂದೆರಡು ಗಂಟೆ ಕಳೆದ ಮೇಲೆ. ಕ್ಷುದ್ರಗ್ರಹದ ಕಲ್ಲಿಗೂ ಕಾಯಲು ಹೊತ್ತು ಬೇಕು, ಆರಲು ಹೊತ್ತು ಬೇಕು. ಹಾಗಾಗಿ ಮಧ್ಯಾಹ್ನ ದಾಟಿದ ಪಾರ್ಶ್ವವೇ ಹೆಚ್ಚು ಶಾಖ ಉಗುಳುತ್ತದೆ. ಶಾಖವಾಗಿ ಹೊರಟ ಪ್ರತಿ ಫೋಟಾನ್, ಅಂದರೆ ಬೆಳಕಿನ ಕಣ, ಕಲ್ಲನ್ನು ತುಸು ಒದ್ದೇ ಹೋಗುತ್ತದೆ. ಕ್ಷುದ್ರಗ್ರಹ ತಾನು ಸೂರ್ಯನನ್ನು ಸುತ್ತುವ ದಿಕ್ಕಿನಲ್ಲೇ ತಿರುಗುತ್ತಿದ್ದರೆ ಈ ಒದೆತ ಮುಂದಕ್ಕೆ ಬಿದ್ದು ಕಕ್ಷೆ ಹಿಗ್ಗುತ್ತದೆ. ವಿರುದ್ಧವಾಗಿ ತಿರುಗುತ್ತಿದ್ದರೆ ಕಕ್ಷೆ ಕುಗ್ಗಿ ಅದು ಸೂರ್ಯನತ್ತ ಸರಿಯುತ್ತದೆ.

ಇಷ್ಟು ಸಣ್ಣ ಬಲವನ್ನು ಲೆಕ್ಕಕ್ಕೆ ಹಿಡಿಯುವ ವಿಜ್ಞಾನಿಗಳು ಮೊದಲು ಕಡಿಮೆಯಿದ್ದರು. ಉಳಿದವರೂ ಕಣ್ಣೆತ್ತಿ ನೋಡುವಂತೆ ಮಾಡಿದ್ದು ಉಲ್ಕಾಶಿಲೆಗಳು. ಬಾಹ್ಯಾಕಾಶದಲ್ಲಿ ಕೋಟ್ಯಂತರ ವರ್ಷ ಅಲೆದ ಗುರುತು ಅವುಗಳ ಮೈಮೇಲಿದೆ. ಕ್ಷುದ್ರಗ್ರಹಗಳ ಡಿಕ್ಕಿಯ ಹೊಡೆತಕ್ಕೇ ನೇರವಾಗಿ ಇತ್ತ ಸಿಡಿದಿದ್ದರೆ ಅಷ್ಟು ಕಾಲ ಬೇಕಿರಲಿಲ್ಲ. ನಿಧಾನವಾಗಿ ತಳ್ಳುವ ಕೈಯೊಂದು ಇದ್ದಿರಲೇಬೇಕು.

ಪುರಾವೆ ಸಿಕ್ಕಿದ್ದು 2003ರಲ್ಲಿ. ಸುಮಾರು ಅರ್ಧ ಕಿಲೋಮೀಟರ್ ಅಗಲದ ಗೊಲೆವ್ಕಾ ಎಂಬ ಕ್ಷುದ್ರಗ್ರಹವನ್ನು ಪೋರ್ಟೊರಿಕೊದ ಅರೆಸಿಬೊ ರೇಡಾರ್ ಅಳೆದಾಗ, 1991ರಿಂದ ಆ ಹೊತ್ತಿಗೆ ಅದು ಗುರುತ್ವದ ಲೆಕ್ಕಕ್ಕಿಂತ 15 ಕಿಲೋಮೀಟರ್ ಆಚೀಚೆಯಾಗಿತ್ತು. ಇಂಥ ಶಾಖವೇ ಆಕಾರ ಓರೆಕೋರೆಯಾದ ಕ್ಷುದ್ರಗ್ರಹದ ತಿರುಗುವಿಕೆಯನ್ನೂ ಬದಲಿಸುತ್ತದೆ. ಅದು 2007ರಲ್ಲಿ ಖಚಿತವಾಯಿತು.

ನನಗೆ ಹೆಚ್ಚು ಹಿಡಿಸುವುದು ಬೆನ್ನುವಿನ ಪ್ರಕರಣ. ಈ ಕ್ಷುದ್ರಗ್ರಹದ ನೆಲ ಹಗಲಲ್ಲಿ ನೀರಿನ ಕುದಿಬಿಂದುವನ್ನೂ ಮೀರಿ ಕಾಯುತ್ತದೆ, ರಾತ್ರಿ ಹಿಮಬಿಂದುವಿಗಿಂತ ಬಹಳ ಕೆಳಗಿಳಿಯುತ್ತದೆ. 4.3 ಗಂಟೆಗೊಮ್ಮೆ ಈ ಏರಿಳಿತ. ದೂರದಿಂದ ಅದರ ಶಾಖ ಅಳೆದವರು, ಇಷ್ಟು ಬೇಗ ಆರುವ ನೆಲದಲ್ಲಿ ಸಣ್ಣ ಜಲ್ಲಿಯೇ ಹರಡಿರಬೇಕು ಎಂದು ಊಹಿಸಿದ್ದರು. 2018ರ ಡಿಸೆಂಬರ್‌ನಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ತಲುಪಿ ನೋಡಿದರೆ ಎಲ್ಲೆಲ್ಲೂ ಬಂಡೆಗಳು! ಒಳಗೆಲ್ಲ ರಂಧ್ರಗಳಿದ್ದ ಆ ಬಂಡೆಗಳು ಜಲ್ಲಿಯಂತೆಯೇ ಬೇಗ ಶಾಖ ಬಿಟ್ಟುಕೊಡುತ್ತಿದ್ದವು. ತಾಪದ ಅಳತೆ ಸರಿಯಿತ್ತು, ನೆಲದ ಚಿತ್ರ ತಪ್ಪಿತ್ತು. ವಿರುದ್ಧ ದಿಕ್ಕಿಗೆ ತಿರುಗುವ ಬೆನ್ನುವಿನ ಕಕ್ಷೆ ವರ್ಷಕ್ಕೆ ಸುಮಾರು 284 ಮೀಟರ್ ಒಳಸರಿಯುತ್ತಿದೆ.

ಕಲ್ಲಿನ ರಂಧ್ರಕ್ಕೂ ಭೂಮಿಯ ಸುರಕ್ಷತೆಗೂ ನಂಟಿರುವುದು ಹೀಗೆ. ಅಪೋಫಿಸ್ ಎಂಬ ಕ್ಷುದ್ರಗ್ರಹವೂ ಇದೇ ತಳ್ಳಾಟಕ್ಕೆ ವರ್ಷಕ್ಕೆ ಸುಮಾರು 170 ಮೀಟರ್ ಸರಿಯುತ್ತಿರುವುದು 2020ರಲ್ಲಿ ಗೊತ್ತಾದಾಗ, 2068ರಲ್ಲಿ ಅದು ಭೂಮಿಗೆ ಬಡಿಯುವ ಸಣ್ಣ ಸಾಧ್ಯತೆಯನ್ನು ತಳ್ಳಿಹಾಕಲಾಗಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ರೇಡಾರ್ ಮತ್ತೆ ಅಳೆದ ಮೇಲೆ, ಕನಿಷ್ಠ 100 ವರ್ಷ ಅದರಿಂದ ಅಪಾಯವಿಲ್ಲವೆಂದು ನಾಸಾ ಪ್ರಕಟಿಸಿತು.