ಕಣ್ಣಿಗೊಂದು ನಿಲ್ಲುವ ಜಾಗ

ಶಿವಮೊಗ್ಗದಲ್ಲಿ ಜುಲೈ ಮಳೆ ಹಿಡಿಯಿತು ಅಂದರೆ ಸಂಜೆ ಹೊರಗೆ ಆಡುವ ಮಾತೇ ಇಲ್ಲ. ಆಗ ನಾವು ನಾಲ್ಕು ಜನ ಪೂಲ್ ಮೇಜಿನ ಸುತ್ತ ಸೇರುತ್ತೇವೆ. ಬಿಳಿ ಬಾಲನ್ನು ಕ್ಯೂ ಅನ್ನುವ ಕೋಲಿನಿಂದ ಹೊಡೆದು, ಅದರಿಂದ ಬಣ್ಣದ ಬಾಲನ್ನು ಪಾಕೆಟ್‌ಗೆ ಬೀಳಿಸುವ ಆಟ ಅದು. ಎಲ್ಲರೂ ಕ್ಯಾರಂ ಆಡಿ ಬೆಳೆದವರು. ಕಾಯಿಯನ್ನು ಎಲ್ಲಿ ಮುಟ್ಟಿದರೆ ಎತ್ತ ಹೋಗುತ್ತದೆ ಅಂತ ನಮಗೆ ಯಾರೂ ಲೆಕ್ಕ ಹಾಕಿ ಹೇಳಿಕೊಟ್ಟಿರಲಿಲ್ಲ, ಆಡ್ತಾ ಆಡ್ತಾ ಬಂತು. ಪೂಲ್‌ಗೆ ಬಂದ ಮೇಲೆ ಮಾತ್ರ ಎಲ್ಲಿ ನೋಡಿದರೂ ಗುರಿ ಹಿಡಿಯುವ 'ಸಿಸ್ಟಮ್'ಗಳ ಮಾತು. ಘೋಸ್ಟ್ ಬಾಲ್ ಅಂತೆ, ಫ್ರ್ಯಾಕ್ಷನ್ ಅಂತೆ, ಸೆಂಟರ್ ಟು ಎಡ್ಜ್ ಅಂತೆ. ವಾರಕ್ಕೆ ಎರಡು ಸಂಜೆ ಆಡುವವರಿಗೆ ಇವುಗಳಿಂದ ನಿಜವಾಗಿ ಏನು ಸಿಗುತ್ತದೆ?

ಘೋಸ್ಟ್ ಬಾಲ್‌ನಿಂದ ಶುರು ಮಾಡೋಣ. ಪಾಕೆಟ್‌ನಿಂದ ಬಣ್ಣದ ಬಾಲ್‌ನ ನಡುವಿಗೆ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯನ್ನು ಹಿಂದಕ್ಕೆ ಚಾಚಿ, ಬಾಲ್‌ಗೆ ತಾಗಿಕೊಂಡು ಇನ್ನೊಂದು ಬಾಲ್ ಇದೆ ಅಂತ ಮನಸ್ಸಿನಲ್ಲೇ ಇಡಿ. ಬಿಳಿ ಬಾಲ್ ಬಂದು ಸೇರಬೇಕಾದ ಜಾಗ ಅದು. ಪೂಲ್ ಬಾಲ್‌ನ ಅಡ್ಡಳತೆ 57.15 ಮಿಲಿಮೀಟರ್. ಅಂದರೆ ಬಿಳಿ ಬಾಲ್‌ನ ನಡು ಬಣ್ಣದ ಬಾಲ್‌ನ ನಡುವಿನಿಂದ ಸರಿಯಾಗಿ ಅಷ್ಟೇ ದೂರದಲ್ಲಿರಬೇಕು. ಲೆಕ್ಕ ಸುಲಭ. ಆದರೆ ಅಲ್ಲಿ ಇಲ್ಲದ ಬಾಲ್ ಒಂದನ್ನು ಕಾಣುವುದು ಕಷ್ಟ.

ಆ ಕಷ್ಟ ತಪ್ಪಿಸಲು ಬಂದದ್ದು ಫ್ರ್ಯಾಕ್ಷನ್ ದಾರಿ. ಕ್ಯೂ ಹಿಂದೆ ಬಗ್ಗಿ ನೋಡಿದಾಗ, ಬಿಳಿ ಬಾಲ್ ಹೋಗಿ ತಾಗುವ ಹೊತ್ತಿಗೆ ಬಣ್ಣದ ಬಾಲನ್ನು ಎಷ್ಟು ಮುಚ್ಚುತ್ತದೆ? ಪೂರ್ತಿ, ಮುಕ್ಕಾಲು, ಅರ್ಧ, ಕಾಲು. ಅರ್ಧ ಮುಚ್ಚಿದರೆ ಬಣ್ಣದ ಬಾಲ್, ಬಿಳಿ ಬಾಲ್ ಬಂದ ದಾರಿಯಿಂದ 30 ಡಿಗ್ರಿ ಪಕ್ಕಕ್ಕೆ ತಿರುಗುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಬಾಯಿಪಾಠ ಮಾಡಿದ 'ಸೈನ್ 30 ಅಂದರೆ ಅರ್ಧ' ನೆನಪಿದೆ ಅಲ್ವಾ? ಅದೇ ಇಲ್ಲಿ ಕೆಲಸ ಮಾಡುವುದು. ಮುಕ್ಕಾಲು ಮುಚ್ಚಿದರೆ ಸುಮಾರು 14.5 ಡಿಗ್ರಿ, ಕಾಲು ಮುಚ್ಚಿದರೆ 48.6. ಒಂದೇ ಅಳತೆಯ ಎರಡು ನಾಣ್ಯ ಮೇಜಿನ ಮೇಲಿಟ್ಟು ಒಂದಕ್ಕೊಂದು ತಾಗಿಸಿ ನೋಡಿ, ಇದು ಕೈಗೇ ಅರ್ಥವಾಗುತ್ತದೆ. ಅರ್ಧ ಬಾಲ್ ಶಾಟ್ ಎಲ್ಲಕ್ಕಿಂತ ಸುಲಭ, ಯಾಕಂದರೆ ಕ್ಯೂ ನೇರವಾಗಿ ಬಣ್ಣದ ಬಾಲ್‌ನ ಅಂಚನ್ನೇ ತೋರಿಸುತ್ತಿರುತ್ತದೆ. ಅಂಚು ಕಣ್ಣಿಗೆ ಕಾಣುವ ವಸ್ತು, ಊಹೆಯಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ, ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಪೂಲ್ ಮೇಜಿನ ಮೂಲೆ ಪಾಕೆಟ್‌ನ ಬಾಯಿ ಸುಮಾರು 115 ಮಿಲಿಮೀಟರ್, ಹೆಚ್ಚುಕಮ್ಮಿ ಎರಡು ಬಾಲ್ ಅಗಲ. ಬಣ್ಣದ ಬಾಲ್ ಪಾಕೆಟ್‌ನಿಂದ ಒಂದು ಮೀಟರ್ ದೂರದಲ್ಲಿದ್ದರೆ ಆಚೀಚೆ ಒಂದೂವರೆ ಡಿಗ್ರಿಗಿಂತ ತುಸು ಜಾಸ್ತಿ ತಪ್ಪಿದರೂ ಬೀಳುತ್ತದೆ. ಆದರೆ ಅರ್ಧ ಬಾಲ್ ಶಾಟ್‌ನಲ್ಲಿ ಬಿಳಿ ಬಾಲ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಬಣ್ಣದ ಬಾಲ್ 1.16 ಡಿಗ್ರಿ ತಿರುಗಿಬಿಡುತ್ತದೆ. ಅಂದರೆ ನಮಗೆ ಸಿಗುವ ಸಡಿಲ ಒಂದೂವರೆ ಮಿಲಿಮೀಟರ್‌ಗೂ ಕಡಿಮೆ. ಕಾಲು ಬಾಲ್ ಶಾಟ್‌ನಲ್ಲಿ ಅದು ಇನ್ನೂ ಕಿರಿದು.

ಈ ಲೆಕ್ಕ ಸಿಸ್ಟಮ್‌ಗಳ ಮಿತಿಯನ್ನೂ ಹೇಳುತ್ತದೆ. ಮುಕ್ಕಾಲಿಗೂ ಅರ್ಧಕ್ಕೂ ನಡುವೆ 15 ಡಿಗ್ರಿ ಅಂತರ ಇದೆ. ನಮಗೆ ಸಿಗುವ ಕಿಂಡಿ ಒಟ್ಟು ಮೂರು ಡಿಗ್ರಿಯಷ್ಟು. ಸೊನ್ನೆಯಿಂದ 60 ಡಿಗ್ರಿವರೆಗೆ ಎಲ್ಲ ಶಾಟ್‌ಗೂ ಮೆಟ್ಟಿಲು ಕಟ್ಟಬೇಕೆಂದರೆ ನಾಲ್ಕು ಸಾಲದು, ಸುಮಾರು 18 ಬೇಕು. ಅಮೆರಿಕದ ಪೂಲ್ ಶಿಕ್ಷಕ ಹ್ಯಾಲ್ ಹೂಲ್ ಜನಪ್ರಿಯ ಮಾಡಿದ ಸೆಂಟರ್ ಟು ಎಡ್ಜ್‌ನಲ್ಲೂ ಇದೇ ಪ್ರಶ್ನೆ. ಬಿಳಿ ಬಾಲ್‌ನ ನಡುವನ್ನು ಬಣ್ಣದ ಬಾಲ್‌ನ ಅಂಚಿಗೆ ಹಿಡಿದು, ಆಮೇಲೆ ಕ್ಯೂ ತುಸು ಹೊರಳಿಸುತ್ತಾರೆ. ಪ್ರತಿಸಲ ಒಂದೇ ರೀತಿ ಹಿಡಿದು ಒಂದೇ ರೀತಿ ಹೊರಳಿಸಿದರೆ ಸಿಗುವುದೂ ಒಂದೇ ಕೋನ. ಪಾಕೆಟ್ ಎಲ್ಲಿದೆ ಅನ್ನುವುದು ಕ್ಯೂಗೆ ಗೊತ್ತಿಲ್ಲ. ಉಳಿದದ್ದನ್ನು ಸರಿಪಡಿಸುವುದು ಆಟಗಾರನ ಕಣ್ಣು, ಅವನಿಗೇ ಗೊತ್ತಾಗದ ಹಾಗೆ.

ಸಾಲದ್ದಕ್ಕೆ ಘರ್ಷಣೆ ಬೇರೆ. ಎರಡು ಬಾಲ್ ತಾಗುವ ಕ್ಷಣದಲ್ಲಿ ಮೈಗೆ ಮೈ ಉಜ್ಜುತ್ತದೆ. ಬಿಳಿ ಬಾಲ್ ತಾನು ಹೋಗುವ ಕಡೆಗೆ ಬಣ್ಣದ ಬಾಲನ್ನೂ ಕೆಲವು ಡಿಗ್ರಿ ಎಳೆದುಕೊಳ್ಳುತ್ತದೆ. ಇದಕ್ಕೆ ಥ್ರೋ ಅನ್ನುತ್ತಾರೆ. ಘೋಸ್ಟ್ ಬಾಲ್ ಇದ್ದಲ್ಲಿಗೇ ಹೊಡೆದರೂ ಬಾಲ್ ಸಾಕಷ್ಟು ತಿರುಗದೆ ಕುಶನ್‌ಗೆ, ಅಂದರೆ ಮೇಜಿನ ರಬ್ಬರ್ ಅಂಚಿಗೆ, ಬಡಿಯುವುದು ಇದರಿಂದಲೇ. ಮೆಲ್ಲಗೆ, ಸ್ಪಿನ್ ಇಲ್ಲದೆ ಹೊಡೆದಾಗ ಜಾಸ್ತಿ. ಚಾಕ್ ಪುಡಿ, ಕೈಬೆವರು ಹತ್ತಿದ ಬಾಲ್‌ಗಳಲ್ಲಿ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಮೇಜಿನ ಬಟ್ಟೆ ತೇವ ಹೀರಿ ಭಾರವಾಗುತ್ತದೆ, ಬಾಲ್ ಬೇಗ ನಿಲ್ಲುತ್ತದೆ. ದೊಡ್ಡ ಸ್ನೂಕರ್ ಟೂರ್ನಿಗಳಲ್ಲಿ ಮೇಜಿನ ಕಲ್ಲುಹಾಸಿನ ಕೆಳಗೆ ಹೀಟರ್ ಇಡುವುದು ಇದಕ್ಕೇ. ನಮ್ಮೂರಲ್ಲಿ ಬಾಲ್ ಒರೆಸಿಕೊಂಡು ಆಡಬೇಕು, ಅಷ್ಟೇ.

ಈ ಆಟದ ಭೌತಶಾಸ್ತ್ರವನ್ನು ಕುಳಿತು ಬಿಡಿಸಿದವನು ಫ್ರಾನ್ಸಿನ ಕೊರಿಯೋಲಿಸ್. 1835ರಲ್ಲಿ ಬಿಲಿಯರ್ಡ್ಸ್ ಬಗ್ಗೆ ಒಂದು ಇಡೀ ಪುಸ್ತಕ ಬರೆದ. ಭೂಮಿ ತಿರುಗುವುದರಿಂದ ಗಾಳಿ ಪಕ್ಕಕ್ಕೆ ವಾಲುತ್ತದಲ್ಲ, ಆ ಪರಿಣಾಮಕ್ಕೂ ಇವನದೇ ಹೆಸರು. ಸಮಭಾಜಕ ದಾಟಿದ ಗಾಳಿ ಬಲಕ್ಕೆ ತಿರುಗಿ ನೈಋತ್ಯದಿಂದ ಬಂದು ಆಗುಂಬೆ ಘಟ್ಟಕ್ಕೆ ಬಡಿಯುವುದು ಆ ತಿರುವಿನಿಂದಲೇ. ನಮ್ಮನ್ನು ಮೇಜಿನ ಹತ್ತಿರ ಕೂಡಿಹಾಕುವ ಮಳೆಯಲ್ಲೂ ಅವನ ಪಾಲಿದೆ ಅನ್ನಿ.

ಹಾಗಾದರೆ ಸಿಸ್ಟಮ್ ಬೇಡವೇ? ಬೇಕು ಅಂತಲೇ ನಾನು ಹೇಳುವುದು. ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ 'ಶಾಂತ ಕಣ್ಣು' ಅನ್ನುವ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಹೊಡೆಯುವ ಮೊದಲು ಕಣ್ಣು ಒಂದೇ ಕಡೆ ಕದಲದೆ ನಿಲ್ಲುವ ಕೊನೆಯ ನೋಟ ಅದು. 2002ರಲ್ಲಿ ಬೇರೆ ಸಂಶೋಧಕರು ಬಿಲಿಯರ್ಡ್ಸ್ ಆಟಗಾರರನ್ನು ಹೀಗೇ ಪರೀಕ್ಷಿಸಿದಾಗ, ಪಳಗಿದವರಲ್ಲಿ ಆ ನೋಟ ಹೆಚ್ಚು ಹೊತ್ತು ಇತ್ತು. ಬಿದ್ದ ಶಾಟ್‌ಗಳಲ್ಲೂ ಹಾಗೇ. ನಮ್ಮಂಥವರ ಕಣ್ಣು ಬಗ್ಗಿದ ಮೇಲೂ ಬಾಲ್, ಪಾಕೆಟ್, ಕ್ಯೂ ಅಂತ ಸುಮ್ನೆ ಅಲೆಯುತ್ತಿರುತ್ತದೆ. ಅಂಚು, ಕಾಲು, ಅರ್ಧ ಅಂತ ಒಂದು ಗುರುತು ಸಿಕ್ಕರೆ ಅದಕ್ಕೆ ನಿಲ್ಲಲು ಜಾಗ ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಪ್ರತಿಸಲ ಒಂದೇ ಕಡೆ ಗುರಿ ಇಟ್ಟರೆ ಮಾತ್ರ ತಪ್ಪಿದ್ದು ಎಷ್ಟು, ಯಾವ ಕಡೆಗೆ ಅಂತ ಗೊತ್ತಾಗುವುದು.

ಮೊದಲು ಸ್ಟ್ರೋಕ್ ನೇರ ಇದೆಯಾ ನೋಡಿಕೊಳ್ಳಿ. ಬಿಳಿ ಬಾಲನ್ನು ನೇರವಾಗಿ ಎದುರು ಕುಶನ್‌ಗೆ ಹೊಡೆಯಿರಿ, ವಾಪಸ್ ಬಂದು ಕ್ಯೂ ತುದಿಗೇ ತಾಗಬೇಕು. ಅದು ಬಂದ ಮೇಲೆ ಒಂದು ಅರ್ಧ ಬಾಲ್ ಶಾಟ್ ಆರಿಸಿಕೊಳ್ಳಿ. ಬಾಲ್ ಇಡುವ ಜಾಗಕ್ಕೆ ಚಿಕ್ಕ ಕಾಗದದ ಗುರುತು ಹಾಕಿ, ಅದೊಂದನ್ನೇ ಹತ್ತು ನಿಮಿಷ ಹೊಡೆಯಿರಿ. ಮಳೆಗಾಲದಲ್ಲಿ ಬಾಲ್ ಎಷ್ಟು ಕಡಿಮೆ ತಿರುಗಿ ಹೋಗುತ್ತಿದೆ, ಬೇಸಿಗೆಯಲ್ಲಿ ಎಷ್ಟು ಅಂತ ಬರೆದಿಡಿ. ನಮ್ಮ ಗುಂಪಿನಲ್ಲಿ ಈಗ ಆಟ ಶುರುವಾಗುವುದೇ ಆ ಶಾಟ್‌ನಿಂದ.