ಚಾರ್ಜ್ 80ಕ್ಕೆ ನಿಲ್ಲಲಿ ಅಂತ ಡ್ರೈವರ್‌ಗೆ ಹೇಳುವುದು ಹೇಗೆ?

ಲ್ಯಾಪ್‌ಟಾಪನ್ನು ದಿನವಿಡೀ ಚಾರ್ಜರ್‌ಗೆ ಸಿಕ್ಕಿಸಿಕೊಂಡೇ ಕೆಲಸ ಮಾಡುವವರು ಬಹಳ ಜನ. ಬ್ಯಾಟರಿ ಶೇಕಡಾ 100ಕ್ಕೆ ಏರಿ ಅಲ್ಲೇ ಕೂತಿರುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗೆ ಇದು ಒಳ್ಳೆಯದಲ್ಲ. ಪೂರ್ತಿ ತುಂಬಿದಾಗ ಒಂದೊಂದು ಸೆಲ್‌ನ ವೋಲ್ಟೇಜ್ ಸಾಮಾನ್ಯವಾಗಿ 4.2ರ ಆಸುಪಾಸಿನಲ್ಲಿರುತ್ತದೆ. ಆ ಮಟ್ಟದಲ್ಲಿ ಒಳಗಿನ ದ್ರಾವಣ ನಿಧಾನವಾಗಿ ಕೆಡುತ್ತಾ ಹೋಗುತ್ತದೆ. ಜೊತೆಗೆ ಬಿಸಿಯೂ ಸೇರಿದರೆ ಬ್ಯಾಟರಿ ಇನ್ನೂ ಬೇಗ ಸೊರಗುತ್ತದೆ. 80ಕ್ಕೇ ಚಾರ್ಜ್ ನಿಲ್ಲಿಸಿದರೆ ಅದು ಜಾಸ್ತಿ ದಿನ ಬಾಳುತ್ತದೆ.

ಹಾಗೆ ನಿಲ್ಲಿಸುವ ಕೆಲಸ ಲ್ಯಾಪ್‌ಟಾಪ್‌ನೊಳಗಿನ ಒಂದು ಪುಟ್ಟ ಚಿಪ್‌ನದು. ಆ ಚಿಪ್‌ಗೆ ಮಾತು ಮುಟ್ಟಿಸುವುದು ಡ್ರೈವರ್ ಎಂಬ ಪ್ರೋಗ್ರಾಮ್. ಹಾಗಾದರೆ ನಾವು ಡ್ರೈವರ್‌ಗೆ ಹೇಳುವುದು ಹೇಗೆ? ಸಣ್ಣ ಪ್ರಶ್ನೆ ಅನಿಸುತ್ತದೆ, ಅಲ್ವಾ? ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದಕ್ಕೆ ಒಂದು ಒಪ್ಪುವಂಥ ಉತ್ತರ ಸಿಗಲು ವರ್ಷಗಳೇ ಬೇಕಾದವು.

2003ರ ಕೊನೆಗೆ ಬಂದ ಲಿನಕ್ಸ್ 2.6ರಲ್ಲಿ ಸಿಸ್‌ಎಫ್‌ಎಸ್ ಎಂಬ ವ್ಯವಸ್ಥೆ ಸೇರಿತು. ಕಂಪ್ಯೂಟರ್‌ನ ಒಂದೊಂದು ಸಾಧನವೂ ಅಲ್ಲಿ ಒಂದು ಫೋಲ್ಡರ್ ಆಗಿ ಕಾಣುತ್ತದೆ, ಸಾಧನದ ಒಂದೊಂದು ಗುಣವೂ ಒಂದು ಫೈಲ್ ಆಗಿ. ಇವು ಡಿಸ್ಕ್‌ನಲ್ಲಿರುವ ಫೈಲ್‌ಗಳಲ್ಲ. ಓದಿದರೆ ಡ್ರೈವರ್ ಉತ್ತರ ಕೊಡುತ್ತದೆ, ಬರೆದರೆ ಡ್ರೈವರ್ ಕೇಳಿಸಿಕೊಳ್ಳುತ್ತದೆ. ಇದರ ಮುಖ್ಯ ನಿಯಮ ಬಲು ಸರಳ: ಒಂದು ಫೈಲ್‌ಗೆ ಒಂದೇ ಮೌಲ್ಯ. ಉದ್ದದ ಪಠ್ಯದಲ್ಲಿ ಬೇಕಾದ ಅಂಕಿ ಎಲ್ಲಿದೆ ಅಂತ ಯಾವ ಪ್ರೋಗ್ರಾಮೂ ಹುಡುಕಬೇಕಿಲ್ಲ. ಈ ನಿಯಮ ನನಗೆ ತುಂಬಾ ಇಷ್ಟ. ಡ್ರೈವರ್ ಬರೆಯುವವರು ಒಂದು ಗುಂಡಿಗೆ ನಾಲ್ಕು ಕೆಲಸ ಅಂಟಿಸದಂತೆ ಇದು ತಡೆಯುತ್ತದೆ.

ಆದರೆ ಫೈಲ್‌ಗೆ ಏನು ಹೆಸರಿಡಬೇಕು, ಅದರಲ್ಲಿ ಏನು ಬರೆಯಬೇಕು ಎನ್ನುವುದನ್ನು ಈ ನಿಯಮ ಹೇಳುವುದಿಲ್ಲ. ಅಲ್ಲಿ ಗೋಜಲಾಯಿತು. ಚಾರ್ಜ್‌ಗೆ ಮಿತಿ ಹಾಕಲು ಸೋನಿ ಲ್ಯಾಪ್‌ಟಾಪ್‌ಗಳ ಡ್ರೈವರ್‌ನಲ್ಲಿ ‘ಬ್ಯಾಟರಿ ಕೇರ್ ಲಿಮಿಟರ್’ ಎಂಬ ಫೈಲ್ ಬಂತು. ಸ್ಯಾಮ್‌ಸಂಗ್‌ನದರಲ್ಲಿ ‘ಬ್ಯಾಟರಿ ಲೈಫ್ ಎಕ್ಸ್‌ಟೆಂಡರ್’. ಎಲ್‌ಜಿಯಲ್ಲಿ ‘ಬ್ಯಾಟರಿ ಕೇರ್ ಲಿಮಿಟ್’, ಲೆನೊವೊ ಐಡಿಯಾಪ್ಯಾಡ್‌ನಲ್ಲಿ ‘ಕನ್ಸರ್ವೇಶನ್ ಮೋಡ್’. ಒಂದು ಕಡೆ 80 ಅಂತ ಬರೆಯಬೇಕು, ಇನ್ನೊಂದು ಕಡೆ ಅದೇ ಆಸೆಗೆ 1 ಅಂತ ಬರೆಯಬೇಕು. ಎಲ್ಲರಿಗೂ ಬೇಕಿದ್ದದ್ದು ಒಂದೇ. ಆದರೂ ಸೆಟ್ಟಿಂಗ್ಸ್ ಪರದೆ ಮಾಡುವವರು ಒಂದೊಂದು ಕಂಪನಿಯ ಹೆಸರನ್ನೂ ಕಲಿಯಬೇಕಾಯಿತು. ಹೊಸ ಕಂಪನಿ ಬಂದರೆ ಮತ್ತೆ ಹೊಸ ಪಾಠ.

2019ರ ಹೊತ್ತಿಗೆ ಎಲ್ಲರಿಗೂ ಸಲ್ಲುವ ಎರಡು ಹೆಸರುಗಳು ಬಂದವು: ‘ಚಾರ್ಜ್ ಕಂಟ್ರೋಲ್ ಸ್ಟಾರ್ಟ್ ಥ್ರೆಶೋಲ್ಡ್’ ಮತ್ತು ‘ಚಾರ್ಜ್ ಕಂಟ್ರೋಲ್ ಎಂಡ್ ಥ್ರೆಶೋಲ್ಡ್’. ಯಾವ ಮಟ್ಟಕ್ಕಿಂತ ಕೆಳಗಿಳಿದರೆ ಚಾರ್ಜ್ ಶುರುವಾಗಬೇಕು, ಎಲ್ಲಿಗೆ ನಿಲ್ಲಬೇಕು. ಎರಡೂ ಶೇಕಡಾ ಲೆಕ್ಕದಲ್ಲಿ. ಥಿಂಕ್‌ಪ್ಯಾಡ್ ಡ್ರೈವರ್‌ನಲ್ಲಿ ಇದೇ ಕೆಲಸಕ್ಕೆ ಮೊದಲೇ ಬೇರೆ ಹೆಸರುಗಳಿದ್ದವು. ಅವನ್ನು ಕಿತ್ತುಹಾಕಲಿಲ್ಲ, ಹೊಸ ಹೆಸರಿನ ಜೊತೆಗೆ ಉಳಿಸಿಕೊಂಡರು. ಜನ ಬರೆದಿಟ್ಟುಕೊಂಡ ಸ್ಕ್ರಿಪ್ಟ್‌ಗಳು, ಅಂದರೆ ಪುಟ್ಟ ಪ್ರೋಗ್ರಾಮ್‌ಗಳು, ಮುರಿಯಬಾರದು ಎನ್ನುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹಳೆಯ ಹಟ. ಒಳ್ಳೆಯ ಹಟ ಅದು.

ಶೇಕಡಾ ಅಂತ ಅಳತೆ ಗೊತ್ತುಮಾಡಿದ್ದು ಎಷ್ಟು ಉಪಕಾರ ಎಂದು ತಿಳಿಯಬೇಕಾದರೆ ಪರದೆಯ ಬೆಳಕಿನ ಫೈಲ್ ನೋಡಬೇಕು. ಅಲ್ಲಿ ‘ಬ್ರೈಟ್‌ನೆಸ್’ ಮತ್ತು ‘ಮ್ಯಾಕ್ಸ್ ಬ್ರೈಟ್‌ನೆಸ್’ ಎಂಬ ಫೈಲ್‌ಗಳಿವೆ. ಗರಿಷ್ಠ ಎಷ್ಟು? ಒಂದು ಲ್ಯಾಪ್‌ಟಾಪ್‌ನಲ್ಲಿ 15, ಇನ್ನೊಂದರಲ್ಲಿ 255, ಮತ್ತೊಂದರಲ್ಲಿ ಸಾವಿರಗಟ್ಟಲೆ. ಸೊನ್ನೆ ಅಂತ ಬರೆದರೆ ಕೆಲವು ಪರದೆಗಳು ತೀರಾ ಮಂಕಾಗುತ್ತವೆ, ಕೆಲವು ಪೂರ್ತಿ ಆರಿಯೇ ಹೋಗುತ್ತವೆ. ಅರ್ಧದ ಅಂಕಿ ಬರೆದರೆ ಕಣ್ಣಿಗೆ ಅರ್ಧ ಬೆಳಕು ಕಾಣುತ್ತದೆ ಎಂಬ ಭರವಸೆಯೂ ಇಲ್ಲ. ಡ್ರೈವರ್ ತನ್ನ ಹಾರ್ಡ್‌ವೇರ್‌ನ ಅಂಕಿಯನ್ನು ಸುಮ್ನೆ ಹೊರಗೆ ತೋರಿಸಿದರೆ ಹೀಗಾಗುತ್ತದೆ. ತಾನು ಮಾಡಬೇಕಾದ ಲೆಕ್ಕವನ್ನು ಅದು ಸೆಟ್ಟಿಂಗ್ಸ್ ಪರದೆ ಮಾಡುವವರ ತಲೆಗೆ ಕಟ್ಟುತ್ತದೆ.

ಚಾರ್ಜ್ ಮಿತಿಯ ಫೈಲ್‌ಗಳಲ್ಲಿ ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಅವುಗಳ ಪ್ರಾಮಾಣಿಕತೆ. ಎಲ್ಲ ಚಿಪ್‌ಗಳಿಗೂ ಎಲ್ಲ ಅಂಕಿಗಳೂ ಒಗ್ಗುವುದಿಲ್ಲ. ಕೆಲವಕ್ಕೆ ಎರಡೋ ಮೂರೋ ಮಟ್ಟಗಳಷ್ಟೇ ಗೊತ್ತು. ಅಂಥ ಕಡೆ ನೀವು 77 ಅಂತ ಬರೆದರೆ ಡ್ರೈವರ್ ಹತ್ತಿರದ ಅಂಕಿಗೆ ಹೊಂದಿಸಿಕೊಳ್ಳಬೇಕು, ಮತ್ತೆ ಓದಿದಾಗ ನಿಜವಾಗಿ ಕೂತಿರುವ ಅಂಕಿಯನ್ನೇ ತೋರಿಸಬೇಕು ಎಂದು ಕರ್ನಲ್‌ನ ದಾಖಲೆ ಹೇಳುತ್ತದೆ. ಕೇಳಿದ್ದನ್ನೇ ಗಿಣಿಯಂತೆ ತಿರುಗಿ ಹೇಳುವ ಡ್ರೈವರ್‌ನಿಂದ ಏನು ಪ್ರಯೋಜನ?

ಎರಡು ಫೈಲ್ ಇಟ್ಟಿದ್ದಕ್ಕೆ ಬೆಲೆಯೂ ಇದೆ. ಥಿಂಕ್‌ಪ್ಯಾಡ್‌ನಲ್ಲಿ ಈಗ 75 ಮತ್ತು 80 ಇದೆ ಅಂದುಕೊಳ್ಳಿ. ಅದನ್ನು 85 ಮತ್ತು 90 ಮಾಡಬೇಕು. ಶುರುವಿನ ಫೈಲ್‌ಗೆ ಮೊದಲು 85 ಬರೆದರೆ ಡ್ರೈವರ್ ಒಪ್ಪುವುದಿಲ್ಲ, ಯಾಕೆಂದರೆ ಆ ಕ್ಷಣಕ್ಕೆ ಶುರು 85, ಕೊನೆ 80 ಆಗಿಬಿಡುತ್ತದೆ. ಕೊನೆಯದನ್ನು ಮೊದಲು ಏರಿಸಬೇಕು. ಇಳಿಸುವಾಗ ಇದು ಉಲ್ಟಾ. ಮನೆಯವರು ಯಾರೂ ಈ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಇದು ಮೇಲಿನ ಪದರದ, ಅಂದರೆ ಸೆಟ್ಟಿಂಗ್ಸ್ ಪರದೆಯ, ಕೆಲಸ. ಲಿನಕ್ಸ್‌ನಲ್ಲಿ ಇಂಥ ಪರದೆ, ಮೆನುಗಳನ್ನು ಕಟ್ಟಿಕೊಡುವ ತಂತ್ರಾಂಶಗಳಲ್ಲಿ ಕೆಡಿಇ ಪ್ಲಾಸ್ಮಾ ಒಂದು, ಗ್ನೋಮ್ ಇನ್ನೊಂದು. 2020ರಲ್ಲಿ ಬಂದ ಕೆಡಿಇ ಪ್ಲಾಸ್ಮಾ 5.20 ಸೆಟ್ಟಿಂಗ್ಸ್‌ನಲ್ಲೇ ಮಿತಿಯ ಅಂಕಿ ಕೇಳಿತು. 2025ರ ಗ್ನೋಮ್ 48 ಅಂಕಿಯನ್ನೇ ಕೇಳಲಿಲ್ಲ: ಪೂರ್ತಿ ಚಾರ್ಜ್ ಬೇಕೋ, ಬ್ಯಾಟರಿಯ ಆರೋಗ್ಯ ಮುಖ್ಯವೋ, ಒಂದನ್ನು ಆರಿಸಿ ಅಂದಿತು. ನನ್ನ ಮತ ಗ್ನೋಮ್‌ಗೆ. ಆದರೆ ಕೆಳಗಿನ ಡ್ರೈವರ್‌ನಲ್ಲಿ ಅಂಕಿ ಇರಲೇಬೇಕು. ಹಾಗಿದ್ದಾಗ ಮಾತ್ರ ಇಬ್ಬರೂ ತಮಗೆ ಸರಿ ಕಂಡ ಪರದೆ ಕಟ್ಟಬಹುದು.

ಒಂದು ವಿಷಯ ಮಾತ್ರ ಇನ್ನೂ ಸರಿಹೋಗಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳು ಈ ಮಿತಿಯನ್ನು ಆಫ್ ಮಾಡಿ ಆನ್ ಮಾಡಿದ ಮೇಲೂ ನೆನಪಿಟ್ಟುಕೊಳ್ಳುತ್ತವೆ. ಕೆಲವು ಮರೆತು ಮತ್ತೆ 100ಕ್ಕೆ ಹೋಗುತ್ತವೆ. ನಿಮ್ಮದು ಯಾವ ಬಗೆಯದು ಅಂತ ಈ ಎರಡು ಫೈಲ್‌ಗಳಲ್ಲಿ ಎಲ್ಲೂ ಬರೆದಿಲ್ಲ. ಕೈಯಾರೆ ಮಿತಿ ಹಾಕಿದವರು ಒಮ್ಮೆ ರೀಸ್ಟಾರ್ಟ್ ಮಾಡಿ, ಅದೇ ಫೈಲನ್ನು ಮತ್ತೆ ಓದಿ ನೋಡಿ. 100 ಕಂಡರೆ, ಪ್ರತಿ ಸಲ ಬೂಟ್ ಆದಾಗ ಆ ಅಂಕಿಯನ್ನು ಮತ್ತೆ ಬರೆಯುವ ಏರ್ಪಾಡು ಮಾಡಿಕೊಳ್ಳಬೇಕು.