ಸಿಬಿಡಿ ಓದುವಾಗ ಮಿಲಿಗ್ರಾಂ ಕಡೆ ಕಣ್ಣಿರಲಿ

ಫಾರ್ಮಕಾಲಜಿ (ಔಷಧಶಾಸ್ತ್ರ) ಓದುವ ಗೆಳೆಯರಿಗೆ ಈ ಟಿಪ್ಪಣಿ. ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ಗಾಂಜಾ ಗಿಡದಿಂದ ಬರುವ ಪದಾರ್ಥ. ಅಮಲೇರಿಸುವುದು ಇದಲ್ಲ, ಅದೇ ಗಿಡದ ಟಿಎಚ್‌ಸಿ. ತಮಾಷೆ ಅಂದ್ರೆ ಎರಡರ ಅಣುಸೂತ್ರವೂ ಒಂದೇ: 21 ಕಾರ್ಬನ್, 30 ಹೈಡ್ರೋಜನ್, 2 ಆಕ್ಸಿಜನ್. ಟಿಎಚ್‌ಸಿಯಲ್ಲಿ ಮುಚ್ಚಿಕೊಂಡಿರುವ ಒಂದು ಉಂಗುರ ಸಿಬಿಡಿಯಲ್ಲಿ ತೆರೆದೇ ಇದೆ. ಅಷ್ಟಕ್ಕೇ ಆಕಾರ ಬದಲಾಗಿ, ಮಿದುಳಿನ ಸಿಬಿ1 ಎಂಬ ರಿಸೆಪ್ಟರ್‌ಗೆ (ಜೀವಕೋಶದಲ್ಲಿ ಪದಾರ್ಥ ಅಂಟಿಕೊಳ್ಳುವ ತಾಣಕ್ಕೆ) ಟಿಎಚ್‌ಸಿ ಅಂಟಿಕೊಳ್ಳುವಂತೆ ಇದು ಅಂಟಿಕೊಳ್ಳುವುದಿಲ್ಲ.

ಇತಿಹಾಸ ಎರಡೇ ಸಾಲು. 1940ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರೋಜರ್ ಆಡಮ್ಸ್ ಸಿಬಿಡಿಯನ್ನು ಗಿಡದಿಂದ ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಮ್ ತಂಡ ಇದರ ರಚನೆ ಬಿಡಿಸಿತು.

ಹಾಗಾದರೆ ಕೆಲಸ ಮಾಡುವುದು ಎಲ್ಲಿ? ಸಿರೊಟೋನಿನ್ ಎಂಬ ನರಸಂದೇಶ ಪದಾರ್ಥದ ಒಂದು ರಿಸೆಪ್ಟರ್, ಟಿಆರ್‌ಪಿವಿ1 ಮತ್ತು ಜಿಪಿಆರ್55 ಎಂಬ ಬೇರೆ ರಿಸೆಪ್ಟರ್‌ಗಳು, ಜೊತೆಗೆ ಅಡೆನೊಸಿನ್ ಎಂಬ ಪದಾರ್ಥವನ್ನು ಜೀವಕೋಶ ಮತ್ತೆ ಒಳಗೆಳೆದುಕೊಳ್ಳುವ ಕೆಲಸ, ಹೀಗೆ ಹಲವು ಕಡೆ ಕೈಯಾಡಿಸುತ್ತದೆ. ಫಿಟ್ಸ್ ತಡೆಯುವುದು ಇವುಗಳಲ್ಲಿ ಯಾವುದರಿಂದ ಎಂಬುದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ.

ಗಟ್ಟಿ ಪುರಾವೆ ಇರುವುದೂ ಫಿಟ್ಸ್‌ಗೇ. ಅದೂ ಎಲ್ಲ ಫಿಟ್ಸ್‌ಗಲ್ಲ. ಡ್ರಾವೆ ಸಿಂಡ್ರೋಮ್ ಮತ್ತು ಲೆನಾಕ್ಸ್-ಗ್ಯಾಸ್ಟಾ ಸಿಂಡ್ರೋಮ್ ಎಂಬ, ಮಕ್ಕಳಲ್ಲಿ ಶುರುವಾಗುವ, ಮಾತ್ರೆಗಳಿಗೆ ಸುಲಭವಾಗಿ ಬಗ್ಗದ ಎರಡು ಕಾಯಿಲೆಗಳಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಪಿಡಿಯೊಲೆಕ್ಸ್ ಎಂಬ ಸಿಬಿಡಿ ದ್ರಾವಣವನ್ನು ಒಪ್ಪಿತು. 2020ರಲ್ಲಿ ಫಿಟ್ಸ್ ತರುವ ಇನ್ನೊಂದು ಕಾಯಿಲೆ ಟ್ಯೂಬರಸ್ ಸ್ಕ್ಲೆರೋಸಿಸ್ ಕೂಡ ಸೇರಿತು. 2017ರಲ್ಲಿ ಪ್ರಕಟವಾದ ಡ್ರಾವೆ ಪ್ರಯೋಗದಲ್ಲಿ 120 ಮಕ್ಕಳು ಮತ್ತು ಯುವಜನರಿದ್ದರು. ಸಿಬಿಡಿ ಪಡೆದವರಲ್ಲಿ ತಿಂಗಳಿಗೆ 12.4 ಇದ್ದ ಕನ್ವಲ್ಸಿವ್ (ಮೈ ಸೆಟೆದು ನಡುಗುವ) ಫಿಟ್ಸ್‌ನ ಮಧ್ಯಾಂಕ, ಅಂದರೆ ಸಾಲಿನ ನಟ್ಟನಡುವಿನ ಸಂಖ್ಯೆ, 5.9ಕ್ಕೆ ಇಳಿಯಿತು. ಪ್ಲಸೀಬೊ (ಔಷಧಿಯಿಲ್ಲದ ಹುಸಿ ಮದ್ದು) ಪಡೆದ ಗುಂಪಿನಲ್ಲಿ 14.9 ಇದ್ದದ್ದು 14.1 ಆಯಿತು, ಅಷ್ಟೇ. ಇಲ್ಲಿ ಒಂದು ಮಾತು ಅಡಿಗೆರೆ ಹಾಕಿಕೊಳ್ಳಿ: ಯಾರೂ ಹಳೇ ಔಷಧಿ ನಿಲ್ಲಿಸಿರಲಿಲ್ಲ. ಸಿಬಿಡಿಯನ್ನು ಅವುಗಳ ಜೊತೆಗೆ ಕೊಟ್ಟಿದ್ದು.

ಈಗ ಡೋಸ್ ಲೆಕ್ಕ. ನನ್ನ ಪ್ರಕಾರ ಇಡೀ ವಿಷಯದ ಜೀವಾಳ ಇದೇ. ಡ್ರಾವೆಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಬೇಕಾದರೆ 20ರವರೆಗೆ. ಮಗು 20 ಕಿಲೋ ಇದೆ ಅನ್ನಿ, ದಿನಕ್ಕೆ 200 ಮಿಲಿಗ್ರಾಂ. ಎಪಿಡಿಯೊಲೆಕ್ಸ್‌ನಲ್ಲಿ ಪ್ರತಿ ಮಿಲಿಗೆ 100 ಮಿಲಿಗ್ರಾಂ ಇರುವುದರಿಂದ ಅದು 2 ಮಿಲಿ, ಎರಡು ಹೊತ್ತಿಗೆ ಹಂಚಿ ಕೊಡಬೇಕು. ಅದೇ 30 ಮಿಲಿ ಬಾಟಲಿಯಲ್ಲಿ ಒಟ್ಟು 1000 ಮಿಲಿಗ್ರಾಂ ಎಂದು ಬರೆದಿರುವ ಎಣ್ಣೆಯಾದರೆ? ಐದೇ ದಿನಕ್ಕೆ ಬಾಟಲಿ ಖಾಲಿ. ದಿನಕ್ಕೆ ನಾಲ್ಕು ಹನಿ ನಾಲಿಗೆ ಕೆಳಗೆ ಬಿಟ್ಟುಕೊಂಡು ಪ್ರಯೋಗದಲ್ಲಿ ಬಂದ ಫಲ ನಿರೀಕ್ಷಿಸಿದರೆ ಹೇಗೆ, ಅಲ್ವಾ? ನುಂಗಿದ ಸಿಬಿಡಿಯಲ್ಲಿ ರಕ್ತಕ್ಕೆ ಸೇರುವ ಪಾಲೂ ತೀರಾ ಕಡಿಮೆ. ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ಅದು ಹಲವು ಪಟ್ಟು ಏರುತ್ತದೆ. ಹಾಗಾಗಿ ಒಂದು ದಿನ ಖಾಲಿ ಹೊಟ್ಟೆ, ಇನ್ನೊಂದು ದಿನ ಬೆಣ್ಣೆ ದೋಸೆ ಆದಮೇಲೆ ಅಂತ ಮಾಡುವಂತಿಲ್ಲ.

ಆತಂಕದ ವಿಷಯಕ್ಕೆ ಬಂದರೆ ಬ್ರೆಜಿಲ್‌ನ ಪ್ರಯೋಗ ಸ್ವಾರಸ್ಯವಾಗಿದೆ. ಭಾಷಣ ಮಾಡಿಸುವ ಪರೀಕ್ಷೆಗೆ ಮುಂಚೆ ಆರೋಗ್ಯವಂತರಿಗೆ 150, 300, 600 ಮಿಲಿಗ್ರಾಂ ಕೊಟ್ಟು ನೋಡಿದರು. ಆತಂಕ ಇಳಿಸಿದ್ದು 300 ಮಾತ್ರ. ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯಲಿಲ್ಲ. ಆದರೆ ಇದು ಒಂದೇ ಡೋಸಿನ, ಸಣ್ಣ ಪ್ರಯೋಗ. ನೋವು, ನಿದ್ದೆಗೆ ಸಿಬಿಡಿ ಒಂದನ್ನೇ ಕೊಟ್ಟಾಗಿನ ಪುರಾವೆ ಇನ್ನೂ ತೆಳುವಾಗಿದೆ. ಜಾಹೀರಾತು ಓದಿ ನೋಟ್ಸ್ ಬರೆಯಬೇಡಿ.

ಲೇಬಲ್ ನಂಬುವುದೂ ಕಷ್ಟ. ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು. ಬರೆದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ. 18ರಲ್ಲಿ ಟಿಎಚ್‌ಸಿ ಸಿಕ್ಕಿತು.

ನಮ್ಮಲ್ಲಿ ಇನ್ನೊಂದು ಗೊಂದಲ ಇದೆ. ಜಯನಗರದ ಆರ್ಗ್ಯಾನಿಕ್ ಅಂಗಡಿಯಲ್ಲಿ ಹೆಂಪ್ (ಗಾಂಜಾ ಗಿಡದ್ದೇ ತಳಿ) ಬೀಜದ ಎಣ್ಣೆ ಕಂಡರೆ ಅದು ಸಿಬಿಡಿ ಎಣ್ಣೆಯಲ್ಲ. ಬೀಜದಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಮ್ಮಿ. ಅದು ಸುಮ್ನೆ ಆಹಾರ, 2021ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಒಪ್ಪಿದ ಆಹಾರ. ಸಿಬಿಡಿ ಹೆಚ್ಚಾಗಿರುವುದು ಹೆಣ್ಣು ಗಿಡದ ಹೂವಿನ ಅಂಟಿನಲ್ಲಿ, ಆದರೆ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಕರೆಯುವುದು ಆ ಹೂತುದಿಯನ್ನೇ. ಹೂತುದಿ ಸೇರದ ಬರೀ ಎಲೆ ಆ ವ್ಯಾಖ್ಯೆಯ ಹೊರಗಿದೆ. ಅದಕ್ಕೇ ಇಲ್ಲಿ ಆಯುರ್ವೇದದ ಲೈಸೆನ್ಸ್‌ನಲ್ಲಿ ‘ವಿಜಯಾ’ (ಗಾಂಜಾ ಗಿಡದ ಆಯುರ್ವೇದ ಹೆಸರು) ಎಲೆಯ ಸಾರ ಮಾರಾಟಕ್ಕೆ ಬರುತ್ತದೆ. ಎಲೆಯ ಪೂರ್ತಿ ಸಾರ ಅಂದಮೇಲೆ ಅದರಲ್ಲಿ ಟಿಎಚ್‌ಸಿಯೂ ಇರಬಹುದು. ಶುದ್ಧ ಸಿಬಿಡಿಯ ಪ್ರಯೋಗದ ಅಂಕಿಗಳನ್ನು ಅದಕ್ಕೆ ಅಂಟಿಸಬೇಡಿ.

ಕೊನೆಗೆ ಔಷಧಿಗಳ ಜಗಳ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುವುದಕ್ಕಿಂತ ಔಷಧಿ ಅಂಗಡಿಯ ಕೌಂಟರಿನಲ್ಲಿ ಇದು ಹೆಚ್ಚು ಬೇಕು. ಔಷಧಿಗಳನ್ನು ಒಡೆಯುವ, ಲಿವರ್‌ನ ಸಿವೈಪಿ2ಸಿ19 ಕಿಣ್ವವನ್ನು ಸಿಬಿಡಿ ತಡೆಯುತ್ತದೆ. ಫಿಟ್ಸ್‌ನ ಔಷಧಿ ಕ್ಲೋಬಜಾಮ್ ತೆಗೆದುಕೊಳ್ಳುವವರಲ್ಲಿ ಆ ಔಷಧಿಯ ಸಕ್ರಿಯ ಉಪಉತ್ಪನ್ನ ಏರಿ ತೂಕಡಿಕೆ ಬರುತ್ತದೆ. ಫಿಟ್ಸ್‌ನದ್ದೇ ಇನ್ನೊಂದು ಔಷಧಿ ವಾಲ್ಪ್ರೊಯೇಟ್ ಜೊತೆಗಿದ್ದರೆ ಲಿವರ್ ಎನ್‌ಜೈಮ್‌ಗಳು ಏರುವ ಅಪಾಯ ಜಾಸ್ತಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಬಹುದು. ನಿಮ್ಹಾನ್ಸ್ ಆಸ್ಪತ್ರೆಯ ಚೀಟಿ ಹಿಡಿದು ಬಂದವರು ‘ಇದರ ಜೊತೆ ಗಿಡಮೂಲಿಕೆ ಎಣ್ಣೆನೂ ತಗೋತಿದೀವಿ’ ಅಂದರೆ, ಬಾಟಲಿ ತಂದು ತೋರಿಸಲು ಹೇಳಿ. ಚೀಟಿ ಬರೆದ ಡಾಕ್ಟರಿಗೂ ಅದನ್ನು ತೋರಿಸಲಿ. ಲಿವರ್ ಫಂಕ್ಷನ್ ಟೆಸ್ಟ್ ಕೊನೆಗೆ ಯಾವಾಗ ಮಾಡಿಸಿದ್ದು ಅಂತಲೂ ಕೇಳಿ.